ಪುಲ್ಲಿ ಚಿಕ್ಕದು, ಖರ್ಚು ದೊಡ್ಡದು: ಸೂಪರ್‌ಚಾರ್ಜರ್ ಬೂಸ್ಟ್ ಏರಿಸೋಕೆ ಮುಂಚೆ

ಇಬ್ಬಲೂರು ಸಿಗ್ನಲ್‌ನಲ್ಲೋ ದೇವರಬೀಸನಹಳ್ಳಿ ಫ್ಲೈಓವರ್ ಕೆಳಗೋ ನಿಂತ್ಕೊಂಡು ಇದನ್ನ ಕೇಳ್ತಿದ್ದೀರಿ ಅಂದ್ಕೊಂಡಿದೀನಿ. ನಿಂತಿದ್ರೆ ಒಳ್ಳೇದೇ, ಇವತ್ತಿನ ವಿಷಯಕ್ಕೂ ಆ ಟ್ರಾಫಿಕ್‌ಗೂ ಸಂಬಂಧ ಇದೆ. ಮೊದಲು ಒಂದು ಶಬ್ದ ಕೇಳಿ.

[ಇಲ್ಲಿ ಆಡಿಯೊ ಕ್ಲಿಪ್: ಕಾರಿನ ಒಳಗಿನ ರೆಕಾರ್ಡಿಂಗ್, 11 ಸೆಕೆಂಡ್]

ಕೇಳಿಸ್ತಾ? ಸೂಪರ್‌ಚಾರ್ಜರ್ ಸಿಳ್ಳೆ ಹಾಕ್ತಿದೆ, ಅದು ಎಲ್ಲರಿಗೂ ಕೇಳಿಸುತ್ತೆ. ಅದರ ಹಿಂದೆ ಇನ್ನೊಂದಿದೆ. ತಗಡಿನ ಡಬ್ಬಿಗೆ ಸಣ್ಣ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಟಿಕಟಿಕಟಿಕ. ಅದಾಗಿ ನಾಲ್ಕು ಸೆಕೆಂಡಿಗೆ ಯಾರೋ 'ಹಾಕು ಮಗಾ, ಹಾಕು' ಅಂತ ಕೂಗ್ತಾನೆ. ಕೂಗಿದ್ದು ನಾನೇ. ಡ್ರೈವಿಂಗ್ ಸೀಟಲ್ಲಿದ್ದವನು ನನ್ನ ಪಿಯುಸಿ ಕಾಲದ ಗೆಳೆಯ. ಆ ಕ್ಲಿಪ್ ಮುಗಿಯೋ ಹೊತ್ತಿಗೆ ಅವನ ಎಂಜಿನ್‌ನ ಮೂರನೇ ಸಿಲಿಂಡರ್ ಪಿಸ್ಟನ್ ಒಡೆದಿತ್ತು.

ಕಥೆ ಇಷ್ಟೇ. ಅವನು ಸೆಕೆಂಡ್‌ಹ್ಯಾಂಡಲ್ಲಿ ಒಂದು ಹಳೇ ಜರ್ಮನ್ ಸೆಡಾನ್ ತಗೊಂಡಿದ್ದ. ಫ್ಯಾಕ್ಟರಿಯಿಂದಲೇ ಸೂಪರ್‌ಚಾರ್ಜರ್ ಕೂತಿದ್ದ ಗಾಡಿ. ನಮ್ಮ ಕಡೆ ಇಂಥ ಗಾಡಿ ಕಡಿಮೆ. ಈಗ ಮಾರಾಟ ಆಗೋ ಪೆಟ್ರೋಲ್ ಪರ್ಫಾರ್ಮೆನ್ಸ್ ಕಾರುಗಳೆಲ್ಲ ಹೆಚ್ಚು ಕಡಿಮೆ ಟರ್ಬೊ. ಸೂಪರ್‌ಚಾರ್ಜರ್ ಬೇಕು ಅಂದ್ರೆ ಬೆನ್ನ ಮೇಲೆ 'ಕಂಪ್ರೆಸರ್' ಅಂತ ಬರೆದಿರೋ ಹಳೇ ಬೆಂಜ್, ಹಳೇ ಆಡಿಯ 3 ಲೀಟರ್ ವಿ6, ಜಾಗ್ವಾರ್, ರೇಂಜ್ ರೋವರ್, ಹೀಗೆ ಹುಡುಕಬೇಕು. ಹತ್ತು ಹನ್ನೆರಡು ವರ್ಷ ಹಳೇದಾದ ಮೇಲೆ ಇವು ಹೊಸ ಹ್ಯಾಚ್‌ಬ್ಯಾಕ್ ರೇಟಿಗೆ ಸಿಗ್ತವೆ. ನಮ್ಮ ಹುಡುಗ್ರು ಸಿಕ್ಕಿಬೀಳೋದು ಅಲ್ಲೇ.

ಗೆಳೆಯ ಮಾಡಿದ್ದು ಒಂದೇ ಕೆಲಸ. ಸೂಪರ್‌ಚಾರ್ಜರ್ ಪುಲ್ಲಿ ತೆಗೆಸಿ ಚಿಕ್ಕದು ಹಾಕಿಸಿದ. ಪುಲ್ಲಿ, ಬೆಲ್ಟ್, ಕೂಲಿ ಸೇರಿ 22 ಸಾವಿರ. ಹಾಕಿಕೊಟ್ಟವರು 'ಬೇರೆ ಏನೂ ಬೇಡ ಸಾರ್, ಕಂಪ್ಯೂಟರ್ ತಾನೇ ಅಡ್ಜಸ್ಟ್ ಮಾಡ್ಕೊಳ್ಳುತ್ತೆ' ಅಂದ್ರಂತೆ. ಎರಡು ತಿಂಗಳು ಏನೂ ಆಗ್ಲಿಲ್ಲ. ಆಮೇಲೆ ಏಪ್ರಿಲ್‌ನ ಒಂದು ಭಾನುವಾರ ಕೋಲಾರದ ಕಡೆ ಹೊರಟ್ವಿ. ಬೆಳ್ಳಂದೂರಿಂದ ಟಿನ್ ಫ್ಯಾಕ್ಟರಿ ದಾಟೋಕೆ ಒಂದು ಗಂಟೆ, ಎಸಿ ಫುಲ್. ಹೊಸಕೋಟೆ ಆದ್ಮೇಲೆ ರೋಡ್ ಖಾಲಿ. ನಾನು ಎಪಿಸೋಡಿಗೆ ಸೌಂಡ್ ಬೇಕು ಅಂತ ರೆಕಾರ್ಡರ್ ಆನ್ ಮಾಡಿದೆ. ಅವನು ಪೆಡಲ್ ನೆಲಕ್ಕೆ ತಾಗಿಸಿದ. ಆಮೇಲೆ ಕನ್ನಡಿಯಲ್ಲಿ ನೀಲಿ ಹೊಗೆ.

ರಿಪೇರಿ ಬಿಲ್ 3 ಲಕ್ಷ 40 ಸಾವಿರ. ಇನ್ಶೂರೆನ್ಸ್ ಕೇಳ್ಬೇಡಿ. ಸಾಮಾನ್ಯ ಮೋಟಾರ್ ಪಾಲಿಸಿಯಲ್ಲಿ ಮೆಕ್ಯಾನಿಕಲ್ ಬ್ರೇಕ್‌ಡೌನ್ ಕವರ್ ಆಗೋದೇ ಇಲ್ಲ, ನೀವು ಏನೂ ಬದಲಾಯಿಸದೆ ಇದ್ರೂ ಅಷ್ಟೇ.

ಈಗ ಯಾಕೆ ಇದೆಲ್ಲ ಅಂದ್ರೆ, ಹೋದ ವಾರ ಒಬ್ಬ ಕೇಳುಗರು ವಾಯ್ಸ್ ನೋಟ್ ಕಳಿಸಿದ್ರು. 'ಬ್ರೋ, ನಂದೂ ಸೂಪರ್‌ಚಾರ್ಜ್ಡ್ ಗಾಡಿ. 7 ಪಿಎಸ್‌ಐ ಬೂಸ್ಟ್ ಇದೆ, 9 ಮಾಡಿಸ್ಬೇಕು. ಪುಲ್ಲಿ ಸಿಕ್ಕಿದೆ, ಶನಿವಾರ ಹಾಕಿಸ್ತಿದೀನಿ. ಸೇಫಾ?' ನಾನು ಬಿ.ಕಾಂ ಮಾಡಿದವನು, ಎಂಜಿನಿಯರ್ ಅಲ್ಲ. ಆದ್ರೆ ಗೆಳೆಯನ ಎಂಜಿನ್ ಹೋದ ಮೇಲೆ ಆರು ತಿಂಗಳು ಇದರ ಹಿಂದೆ ಬಿದ್ದು ಓದಿದೀನಿ, ಎಂಜಿನ್ ಬಿಚ್ಚಿದ ಟೇಬಲ್ ಪಕ್ಕ ನಿಂತು ನೋಡಿದೀನಿ. ಅವರಿಗೆ ಶನಿವಾರಕ್ಕೆ ಮುಂಚೆ ಉತ್ತರ ಕೊಡ್ಬೇಕು. ಹಾಗಾಗಿ ಈ ಎಪಿಸೋಡ್.

ಪುಲ್ಲಿ ಲೆಕ್ಕ

ಸೂಪರ್‌ಚಾರ್ಜರ್ ಅಂದ್ರೆ ಎಂಜಿನ್‌ಗೆ ಗಾಳಿ ತುರುಕೋ ಪಂಪು. ಟರ್ಬೊ ಹೊಗೆಯ ಬಲದಿಂದ ತಿರುಗುತ್ತೆ. ಇದು ಎಂಜಿನ್‌ನ ಕ್ರ್ಯಾಂಕ್‌ನಿಂದಲೇ ಬೆಲ್ಟ್ ಮೂಲಕ ತಿರುಗುತ್ತೆ. ಹಿಟ್ಟಿನ ಗಿರಣಿಯಲ್ಲಿ ಮೋಟಾರಿಂದ ಕಲ್ಲಿಗೆ ಪಟ್ಟಿ ಹಾಕಿರ್ತಾರಲ್ಲ, ಹಾಗೆ. ಇದರ ಅತಿ ಹಳೇ ಮಾದರಿಗೆ ರೂಟ್ಸ್ ಬ್ಲೋವರ್ ಅಂತಾರೆ. ಅಮೆರಿಕದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಮಾಡಿಸಿದ್ದು, ಆಗ ಅದಕ್ಕೂ ಕಾರಿಗೂ ಸಂಬಂಧ ಇರ್ಲಿಲ್ಲ, ಕಾರೇ ಇರ್ಲಿಲ್ಲ. ಕಾರ್ಖಾನೆಗೆ ಗಾಳಿ ಊದೋ ಯಂತ್ರ ಅದು.

ಒಂದು ಉದಾಹರಣೆ ಇಟ್ಕೊಳ್ಳೋಣ. ಕ್ರ್ಯಾಂಕ್ ಪುಲ್ಲಿ ಅಡ್ಡಳತೆ 150 ಮಿ.ಮೀ, ಬ್ಲೋವರ್ ಪುಲ್ಲಿ 75 ಮಿ.ಮೀ. ಅಂದ್ರೆ ಎಂಜಿನ್ ಒಂದು ಸುತ್ತು ಹಾಕಿದ್ರೆ ಬ್ಲೋವರ್ ಎರಡು ಸುತ್ತು. ಎಂಜಿನ್ 6,500 ಆರ್‌ಪಿಎಂನಲ್ಲಿದ್ರೆ ಬ್ಲೋವರ್ 13,000. ಈಗ 75 ತೆಗೆದು 68 ಹಾಕಿ. ಬ್ಲೋವರ್ ಸುಮಾರು 14,300ಕ್ಕೆ ಹೋಗುತ್ತೆ, 10 ಪರ್ಸೆಂಟ್ ಜಾಸ್ತಿ. ಒಂದೊಂದು ಬ್ಲೋವರ್‌ಗೂ ತಯಾರಕರು ಗರಿಷ್ಠ ವೇಗ ಹೇಳಿರ್ತಾರೆ. ಈ ಗುಣಾಕಾರ ಮಾಡದೆ ಪುಲ್ಲಿ ಆರ್ಡರ್ ಮಾಡಿದ್ರೆ ನೀವು ಕಣ್ಣು ಮುಚ್ಚಿ ಚೆಕ್ ಸೈನ್ ಮಾಡಿದ ಹಾಗೆ.

ಇಲ್ಲೇ ಜನ ಯಾಮಾರೋದು. ಗೇಜ್‌ನಲ್ಲಿ 7 ಇದ್ದಿದ್ದು 9 ಆಯ್ತು. '30 ಪರ್ಸೆಂಟ್ ಜಾಸ್ತಿ ಗುರು' ಅಂತಾರೆ. ಅಲ್ಲ. ಗೇಜ್ ತೋರ್ಸೋದು ಹೊರಗಿನ ಗಾಳಿಯ ಒತ್ತಡಕ್ಕಿಂತ ಎಷ್ಟು ಮೇಲೆ ಅಂತ ಮಾತ್ರ. ಎಂಜಿನ್ ಉಸಿರಾಡೋದು ಎರಡೂ ಸೇರಿಸಿ. ಸಮುದ್ರ ಮಟ್ಟದಲ್ಲಿ ಹೊರಗಿನ ಒತ್ತಡ 14.7 ಪಿಎಸ್‌ಐ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಸುಮಾರು 13.2. ಅದಕ್ಕೆ 7 ಸೇರಿಸಿ, 20.2. ಅದಕ್ಕೆ 9 ಸೇರಿಸಿ, 22.2. ಹೆಚ್ಚಿದ್ದು 10 ಪರ್ಸೆಂಟ್, ಬ್ಲೋವರ್ ವೇಗ ಎಷ್ಟು ಹೆಚ್ಚಿತೋ ಸರಿಸುಮಾರು ಅಷ್ಟೇ.

ಆ 10 ಕೂಡ ಗ್ರಾಸ್. ನೆಟ್ ಬೇರೆ. ಗಾಳಿ ಒತ್ತಿದ್ರೆ ಬಿಸಿಯಾಗುತ್ತೆ, ಸೈಕಲ್ ಪಂಪ್ ಹೊಡೆದವರಿಗೆಲ್ಲ ಗೊತ್ತು. ಹೊರಗೆ 30 ಡಿಗ್ರಿ ಇದೆ ಅಂತ ಇಟ್ಕೊಳ್ಳಿ, ಬ್ಲೋವರ್ ದಕ್ಷತೆ 60 ಪರ್ಸೆಂಟ್, ಹಳೇ ರೂಟ್ಸ್ ಮಾದರಿಗೆ ಅದು ಅನ್ಯಾಯದ ಅಂದಾಜಲ್ಲ. 7 ಪಿಎಸ್‌ಐಗೆ ಬ್ಲೋವರ್‌ನಿಂದ ಹೊರಬರೋ ಗಾಳಿ ಸುಮಾರು 95 ಡಿಗ್ರಿ. 9 ಪಿಎಸ್‌ಐಗೆ 111 ಡಿಗ್ರಿ. ಬಿಸಿ ಗಾಳಿ ಹಿಗ್ಗಿರುತ್ತೆ, ಅದೇ ಜಾಗದಲ್ಲಿ ಕಡಿಮೆ ಆಮ್ಲಜನಕ. ಲೆಕ್ಕ ಹಾಕಿದ್ರೆ ಆ 10 ಪರ್ಸೆಂಟ್ ಲಾಭದಲ್ಲಿ ಅರ್ಧ ಅಲ್ಲೇ ಹೋಯ್ತು, 5 ಉಳೀತು. ಬ್ಲೋವರ್‌ನ ಇನ್ನೂ ಜೋರಾಗಿ ತಿರುಗಿಸೋಕೆ ಎಂಜಿನ್ನೇ ಕೊಡೋ ಶಕ್ತಿ ಇದೆಯಲ್ಲ, ಅದನ್ನ ಇನ್ನೂ ಕಳೆದಿಲ್ಲ. ಇಂಟರ್‌ಕೂಲರ್ ಇಲ್ಲದೆ, ಅಥವಾ ಇದ್ದಿದ್ದು ಸಾಲದೆ ಬೂಸ್ಟ್ ಏರಿಸೋದು ಅಂದ್ರೆ ಇದು: ಕಷ್ಟ ಪೂರ್ತಿ, ಕೈಗೆ ಬರೋದು ಅರ್ಧಕ್ಕಿಂತ ಕಡಿಮೆ.

ಆ ಟಿಕಟಿಕ ಏನು

ಸಿಲಿಂಡರ್ ಒಳಗೆ ಪ್ಲಗ್ ಕಿಡಿ ಹಾರಿಸಿದಾಗ ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡ್ಬೇಕು, ಗದ್ದೆಯಲ್ಲಿ ಕೂಳೆ ಸುಡೋ ಹಾಗೆ ಸಾಲಾಗಿ. ಒಳಗಿನ ಗಾಳಿ ಆಗಲೇ ತುಂಬಾ ಬಿಸಿ ಇದ್ರೆ, ಒತ್ತಡ ಜಾಸ್ತಿ ಇದ್ರೆ, ಬೆಂಕಿ ತಲುಪೋಕೆ ಮುಂಚೆನೇ ಮೂಲೆಯಲ್ಲಿರೋ ಮಿಶ್ರಣ ತಾನಾಗೇ ಸಿಡಿಯುತ್ತೆ. ಅದೇ ನಾಕಿಂಗ್. ಒಂದೊಂದು ಸಿಡಿತವೂ ಪಿಸ್ಟನ್ ತಲೆಗೆ ಸುತ್ತಿಗೆ ಏಟು. ಪಿಸ್ಟನ್ ರಿಂಗ್‌ಗಳ ಮಧ್ಯೆ ಇರೋ ತೆಳು ಅಂಚು ಮೊದಲು ಒಡೆಯುತ್ತೆ. ಗೆಳೆಯನ ಪಿಸ್ಟನ್‌ನಲ್ಲಿ ಉಗುರಿನಷ್ಟು ದೊಡ್ಡ ಚೂರು ಹೋಗಿತ್ತು.

ಎಂಜಿನ್‌ಗೆ ನಾಕ್ ಸೆನ್ಸರ್ ಇರುತ್ತೆ ನಿಜ. ನಾಕಿಂಗ್ ಕೇಳಿಸಿದ್ರೆ ಇಸಿಯು ಕಿಡಿಯ ಸಮಯ ಹಿಂದಕ್ಕೆ ತಳ್ಳುತ್ತೆ. 'ಕಂಪ್ಯೂಟರ್ ತಾನೇ ಅಡ್ಜಸ್ಟ್ ಮಾಡುತ್ತೆ' ಅಂದವರು ಇದನ್ನೇ ನಂಬಿದ್ದು. ಆದ್ರೆ ಅದು ಏಟು ಬಿದ್ದ ಮೇಲೆ ಹಿಂದೆ ಸರಿಯೋ ವ್ಯವಸ್ಥೆ. ಫ್ಯಾಕ್ಟರಿ ಬೂಸ್ಟ್‌ಗೆ ಅಂತ ಕೊಟ್ಟಿರೋ ಮಿತಿಯೊಳಗೆ ಮಾತ್ರ ಸರಿಯುತ್ತೆ. ಅಲ್ಲದೆ ಕಿಡಿ ತಡವಾದಷ್ಟೂ ಬೆಂಕಿ ಇನ್ನೂ ಉರೀತಿರೋವಾಗ್ಲೇ ಎಕ್ಸಾಸ್ಟ್‌ಗೆ ಹೋಗುತ್ತೆ, ಎಕ್ಸಾಸ್ಟ್ ವಾಲ್ವ್ ಕಾಯುತ್ತೆ. ಅಂದ್ರೆ ಒಂದು ಸಾಲ ತೀರಿಸೋಕೆ ಇನ್ನೊಂದು ಸಾಲ.

ಎರಡು ತಿಂಗಳು ಏನೂ ಆಗ್ಲಿಲ್ಲ ಅಂದೆನಲ್ಲ, ಯಾಕೆ ಗೊತ್ತಾ? ಬೆಳ್ಳಂದೂರಿನ ರೋಡಲ್ಲಿ ಫುಲ್ ಥ್ರಾಟಲ್ ಕೊಡೋಕೆ ಜಾಗ ಎಲ್ಲಿದೆ! ಬೂಸ್ಟ್ ಪೂರ್ತಿ ಬಂದೇ ಇರ್ಲಿಲ್ಲ. ಟ್ರಾಫಿಕ್ಕೇ ಕಾಪಾಡಿತ್ತು. ಕೊನೆಗೆ ಕೈ ಕೊಟ್ಟಿದ್ದೂ ಟ್ರಾಫಿಕ್ಕೇ. ನಾನು ಈಗ ನನ್ನ ಪೋಲೊ ಜಿಟಿ ಟಿಎಸ್‌ಐಗೆ ಚಿಕ್ಕ ಓಬಿಡಿ ಡಾಂಗಲ್ ಹಾಕಿ ಫೋನಲ್ಲಿ ನೋಡ್ತಿರ್ತೀನಿ. ಹೊರಗೆ 29 ಡಿಗ್ರಿ ಇರೋವಾಗ ಇಬ್ಬಲೂರು ಹತ್ರ ನಲವತ್ತು ನಿಮಿಷ ತೆವಳಿದ ಮೇಲೆ ಎಂಜಿನ್‌ಗೆ ಹೋಗೋ ಗಾಳಿ 58 ಡಿಗ್ರಿ ತೋರಿಸಿದ್ದು ನೋಡಿದೀನಿ. ಅದು ಬೂಸ್ಟೇ ಇಲ್ಲದೆ, ಬರೀ ಬಾನೆಟ್ ಕೆಳಗಿನ ಕಾವು. ಇಂಟರ್‌ಕೂಲರ್, ಪೈಪು, ಮ್ಯಾನಿಫೋಲ್ಡ್, ಎಲ್ಲ ಲೋಹವೂ ಕಾದು ಕೂತಿರುತ್ತೆ. ಆಗ ರೋಡ್ ಖಾಲಿ ಸಿಕ್ತು ಅಂತ ಒತ್ತಿದ್ರೆ, ಬೆಳಗ್ಗೆ ಆರು ಗಂಟೆಗೆ ತಂಪಲ್ಲಿ ಟೆಸ್ಟ್ ಮಾಡಿದ ಗಾಡಿ ಅದಲ್ಲ, ಬೇರೆ ಗಾಡಿ. ಹೊಸಕೋಟೆ ದಾಟಿದ ಮೇಲೆ ನಾವು ಐದು ನಿಮಿಷ ಸುಮ್ನೆ 80ರಲ್ಲಿ ಹೋಗಿದ್ರೂ ಕಾವು ಎಷ್ಟೋ ಇಳಿದಿರ್ತಿತ್ತು. ಹೋಗ್ಲಿಲ್ಲ.

ಒಳ್ಳೆ ಟ್ಯೂನರ್ ಮಾಡೋ ಮೊದಲ ಕೆಲಸಗಳಲ್ಲಿ ಇದೂ ಒಂದು: ಒಳಗಿನ ಗಾಳಿ ಇಷ್ಟು ಡಿಗ್ರಿ ದಾಟಿದ್ರೆ ಕಿಡಿಯನ್ನ ಮುಂಚೆನೇ ಹಿಂದಕ್ಕೆ ಎಳಿ ಅಂತ ಮ್ಯಾಪ್‌ನಲ್ಲಿ ಬರೆಯೋದು. ನಾಕಿಂಗ್ ಆಗೋಕೆ ಮುಂಚೆ. ನೀವು ಟ್ಯೂನರ್‌ನ ಕೇಳ್ಬೇಕಾದ ಪ್ರಶ್ನೆ 'ಎಷ್ಟು ಎಚ್‌ಪಿ ಬರುತ್ತೆ' ಅಲ್ಲ. 'ಗಾಳಿ 60 ಡಿಗ್ರಿ ಆದಾಗ ನಿಮ್ಮ ಮ್ಯಾಪ್ ಏನ್ ಮಾಡುತ್ತೆ' ಅಂತ ಕೇಳಿ. ಮುಖ ನೋಡಿದ್ರೇ ಉತ್ತರ ಗೊತ್ತಾಗುತ್ತೆ.

ಪೆಟ್ರೋಲ್ ವಿಷಯ

ಆಕ್ಟೇನ್ ಅಂದ್ರೆ ಪೆಟ್ರೋಲ್‌ಗೆ ಎಷ್ಟು ಶಕ್ತಿ ಇದೆ ಅಂತಲ್ಲ, ತಾನಾಗೇ ಸಿಡಿಯದೆ ಎಷ್ಟು ತಡ್ಕೊಳ್ಳುತ್ತೆ ಅಂತ. ನಮ್ಮಲ್ಲಿ ಬಹಳ ಕಾಲ ಸಾಮಾನ್ಯ ಪೆಟ್ರೋಲ್ 91 ಇತ್ತು. ಈಗ ಬಂಕಲ್ಲಿ ಸಿಗೋದು ಇ20, ಐದರಲ್ಲಿ ಒಂದು ಭಾಗ ಎಥನಾಲ್. ಅದರ ಆಕ್ಟೇನ್ ಮಾನದಂಡ 95. ಇಂಡಿಯನ್ ಆಯಿಲ್ 2020ರ ಡಿಸೆಂಬರ್‌ನಲ್ಲಿ 100 ಆಕ್ಟೇನ್‌ನ ಎಕ್ಸ್‌ಪಿ100 ತಂತು, ಅದು ಲೀಟರಿಗೆ ಹತ್ತಿರ ಹತ್ತಿರ ಒಂದೂವರೆ ಪಟ್ಟು ರೇಟು.

ಎಥನಾಲ್ ಅಂದ್ರೆ ವಾಟ್ಸಾಪ್‌ನಲ್ಲಿ ಬೈಗುಳವೇ ಜಾಸ್ತಿ. ಬೂಸ್ಟ್ ಮಟ್ಟಿಗೆ ಮಾತ್ರ ಅದು ಶತ್ರು ಅಲ್ಲ. ಆವಿಯಾಗುವಾಗ ಹೆಚ್ಚು ಶಾಖ ಹೀರುತ್ತೆ, ಗಾಳಿ ತಂಪಾಗುತ್ತೆ, ನಾಕಿಂಗ್ ತಡೆಯುತ್ತೆ. ತೊಂದರೆ ಇರೋದು ಪ್ರಮಾಣದಲ್ಲಿ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯೋಕೆ ಒಂದು ಕೆ.ಜಿಗೆ 14.7 ಕೆ.ಜಿ ಗಾಳಿ ಬೇಕು. ಇ20ಗೆ ಸುಮಾರು 13.5 ಸಾಕು. ತಿರುಗಿಸಿ ಹೇಳಿದ್ರೆ, ಅಷ್ಟೇ ಗಾಳಿಗೆ 8-9 ಪರ್ಸೆಂಟ್ ಜಾಸ್ತಿ ಪೆಟ್ರೋಲ್ ಸುರಿಯಬೇಕು. ಅದರ ಮೇಲೆ ನೀವು ಬೂಸ್ಟ್‌ನಿಂದ 10 ಪರ್ಸೆಂಟ್ ಗಾಳಿ ಹೆಚ್ಚಿಸಿದ್ರಿ. ಎರಡೂ ಸೇರಿ ಫ್ಯೂಯಲ್ ಪಂಪ್, ಇಂಜೆಕ್ಟರ್ ಹತ್ತಿರ ಐದನೇ ಒಂದು ಭಾಗ ಜಾಸ್ತಿ ಕೆಲಸ ಮಾಡ್ಬೇಕು. ಹನ್ನೆರಡು ವರ್ಷದ ಹಳೇ ಪಂಪು, ಹಳೇ ಇಂಜೆಕ್ಟರು.

ಇಂಜೆಕ್ಟರ್ ತೆರೆದುಕೊಂಡಿರೋ ಸಮಯ 80ರಿಂದ 85 ಪರ್ಸೆಂಟ್ ಮೀರಬಾರದು ಅನ್ನೋದು ಟ್ಯೂನರ್‌ಗಳ ರೂಢಿ. ಅದನ್ನ ಮೀರಿದ್ರೆ ಮೇಲಿನ ಆರ್‌ಪಿಎಂನಲ್ಲಿ ಪೆಟ್ರೋಲ್ ಸಾಲದು, ಮಿಶ್ರಣ ತೆಳುವಾಗುತ್ತೆ. ತೆಳು ಅಂದ್ರೆ ಬಿಸಿ, ಬಿಸಿ ಅಂದ್ರೆ ಮತ್ತೆ ಆ ಟಿಕಟಿಕ. ಇದನ್ನ ಅಳೆಯೋಕೆ ವೈಡ್‌ಬ್ಯಾಂಡ್ ಸೆನ್ಸರ್ ಬೇಕು. ಅದರಲ್ಲಿ ಗಾಳಿ-ಪೆಟ್ರೋಲ್ ಅನುಪಾತದ ಬದಲು ಲ್ಯಾಂಬ್ಡಾ ನೋಡಿ, ಎಥನಾಲ್ ಎಷ್ಟೇ ಇರ್ಲಿ ಲ್ಯಾಂಬ್ಡಾ 1 ಅಂದ್ರೆ ಸರಿಸಮ. ಫುಲ್ ಬೂಸ್ಟ್‌ನಲ್ಲಿ ಸಾಮಾನ್ಯವಾಗಿ 0.80ರ ಆಸುಪಾಸು ಇಡ್ತಾರೆ. ಗೆಳೆಯನ ಗಾಡಿಯಲ್ಲಿ ಆ ಸೆನ್ಸರ್ರೇ ಇರ್ಲಿಲ್ಲ. ಗೇಜ್ ಇತ್ತು, ಬೂಸ್ಟ್ ಗೇಜ್, ನೀಲಿ ಲೈಟಿಂದು, ನೋಡೋಕೆ ಚೆನ್ನಾಗಿತ್ತು.

ಇನ್ನೊಂದು, ಮ್ಯಾಪ್‌ನ 100 ಆಕ್ಟೇನ್ ನಂಬಿ ಮಾಡಿಸ್ಬೇಡಿ, ತಿಂಗಳ ಕೊನೆಗೆ ನೀವು ಸಾಮಾನ್ಯ ಪೆಟ್ರೋಲೇ ಹಾಕಿಸೋದು. ಸಂಬಳದ ದಿನಕ್ಕೆ ಅಲ್ಲ, 28ನೇ ತಾರೀಕಿಗೆ ಟ್ಯೂನ್ ಮಾಡಿಸಿ.

ಘಾಟ್ ಇಳಿದ ಮೇಲೆ

ಇದು ನನಗೆ ಬಹಳ ಇಷ್ಟವಾದ ಭಾಗ. ಬೆಳ್ಳಂದೂರು ಕೆರೆ ಆಚೆಗೆ ಯಮಲೂರು, ಅದರ ಪಕ್ಕದಲ್ಲೇ ಎಚ್‌ಎಎಲ್ ರನ್‌ವೇ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಶುರು ಮಾಡಿದ ಕಾರ್ಖಾನೆ. ಎರಡನೇ ಮಹಾಯುದ್ಧದ ಟೈಮಲ್ಲಿ ಅಲ್ಲಿ ಅಮೆರಿಕದ ವಿಮಾನಗಳು ರಿಪೇರಿಗೆ ಬರ್ತಿದ್ವು, ಲಿಬರೇಟರ್ ಬಾಂಬರ್‌ಗಳು, ಕ್ಯಾಟಲಿನಾಗಳು. ಆ ಎಂಜಿನ್‌ಗಳಿಗೆಲ್ಲ ಸೂಪರ್‌ಚಾರ್ಜರ್. ಶೋಕಿಗಲ್ಲ. ಮೇಲೆ ಹೋದಷ್ಟೂ ಗಾಳಿ ತೆಳು, ಎಂಜಿನ್‌ಗೆ ಉಸಿರು ಸಿಗಲ್ಲ, ಒತ್ತಿ ತುಂಬಿಸ್ಬೇಕು. ಅಂದ್ರೆ ನಮ್ಮ ಏರಿಯಾದಲ್ಲಿ ಬೂಸ್ಟ್ ಬಗ್ಗೆ ತಲೆ ಕೆಡಿಸ್ಕೊಂಡವರು ಎಂಬತ್ತು ವರ್ಷದ ಹಿಂದೇನೇ ಇದ್ರು. ಅವರ ಪ್ರಶ್ನೆ ಎತ್ತರಕ್ಕೆ ಹೋದ್ರೆ ಏನಾಗುತ್ತೆ ಅಂತ. ನಮ್ಮ ಪ್ರಶ್ನೆ ಉಲ್ಟಾ, ಕೆಳಗೆ ಇಳಿದ್ರೆ?

ಬೆಲ್ಟಿನ ಸೂಪರ್‌ಚಾರ್ಜರ್‌ಗೆ ಎಲ್ಲಿದೀನಿ ಅಂತ ಗೊತ್ತಿಲ್ಲ. ಒಂದೇ ಆರ್‌ಪಿಎಂನಲ್ಲಿ ಅದು ಹೊರಗಿನ ಒತ್ತಡವನ್ನ ಒಂದೇ ಪಟ್ಟು ಮಾಡುತ್ತೆ. ಬೆಂಗಳೂರಲ್ಲಿ 13.2 ಅನ್ನ 22.2 ಮಾಡಿದ್ರೆ 1.68 ಪಟ್ಟು. ಅದೇ ಗಾಡಿ ಶಿರಾಡಿ ಘಾಟ್ ಇಳಿದು ಮಂಗಳೂರಿಗೆ ಹೋಯ್ತು. 14.7ರ 1.68 ಪಟ್ಟು ಅಂದ್ರೆ 24.7. ಗೇಜ್‌ನಲ್ಲಿ 9 ಇದ್ದಿದ್ದು ತಾನಾಗೇ 10. ಎಂಜಿನ್ ನುಂಗೋ ಗಾಳಿ 11 ಪರ್ಸೆಂಟ್ ಜಾಸ್ತಿ, ಪುಲ್ಲಿ ಮುಟ್ಟದೆ! ಕರಾವಳಿಯ ಸೆಖೆ ಬೇರೆ. ಇಲ್ಲಿ ಇಂಜೆಕ್ಟರ್ 85 ಪರ್ಸೆಂಟ್‌ನಲ್ಲಿದ್ರೆ ಅಲ್ಲಿ 94. ಚೆನ್ನೈಗೆ ಹೋದ್ರೂ ಇದೇ ಕಥೆ. ಟರ್ಬೊದಲ್ಲಿ ಇಸಿಯು ವೇಸ್ಟ್‌ಗೇಟ್ ತೆರೆದು ಗುರಿ ಇಟ್ಟ ಒತ್ತಡಕ್ಕೆ ಹಿಡಿದು ನಿಲ್ಲಿಸಬಹುದು, ಪುಲ್ಲಿಗೆ ಆ ಸೌಲಭ್ಯ ಇಲ್ಲ. ಹಾಗಾಗಿ ಬೆಂಗಳೂರಿನ ಡೈನೋ ಮೇಲೆ 'ಎಲ್ಲ ಸರಿಯಾಗಿದೆ' ಅಂತ ಬಂದ ರಿಪೋರ್ಟ್ ಬೆಂಗಳೂರಿಗೆ ಮಾತ್ರ. ಮಂಗಳೂರು ಟ್ರಿಪ್ ಹೋಗೋರಾದ್ರೆ ಆ 11 ಪರ್ಸೆಂಟ್ ಜಾಗ ಇಟ್ಟು ಟ್ಯೂನ್ ಮಾಡಿ ಅಂತ ಬಾಯಿಬಿಟ್ಟು ಹೇಳ್ಬೇಕು.

ಹಾಗಾದ್ರೆ ಹೇಗೆ ಮಾಡ್ಬೇಕು

ಪುಲ್ಲಿ ಕೊನೆಗೆ. ಇದನ್ನ ಮಾತ್ರ ನೆನಪಿಟ್ಕೊಳ್ಳಿ, ಎಲ್ಲರೂ ಮೊದಲು ಕೊಳ್ಳೋದು ಪುಲ್ಲಿನೇ.

ಮೊದಲು ಎಂಜಿನ್ ಆರೋಗ್ಯ. ಕಂಪ್ರೆಷನ್ ಟೆಸ್ಟ್ ಅಂತ ಮಾಡ್ತಾರೆ, ಎಲ್ಲ ಸಿಲಿಂಡರ್‌ಗಳ ಒತ್ತಡ ಒಂದಕ್ಕೊಂದು 10 ಪರ್ಸೆಂಟ್ ಒಳಗಿರ್ಬೇಕು. ಒಂದು ಸಿಲಿಂಡರ್ ಆಗಲೇ ಸೋತಿದ್ರೆ ಬೂಸ್ಟ್ ಮಾತು ಬಿಡಿ. ಆಮೇಲೆ ಈಗಿರೋ ಬೂಸ್ಟ್‌ನಲ್ಲೇ, ಏನೂ ಮುಟ್ಟದೆ, ಡೈನೋ ಮೇಲೆ ಒಂದು ಲಾಗ್ ತೆಗೆಸಿ. ಬೂಸ್ಟ್, ಲ್ಯಾಂಬ್ಡಾ, ಗಾಳಿಯ ಬಿಸಿ, ಇಂಜೆಕ್ಟರ್ ಸಮಯ, ನಾಕಿಂಗ್‌ನಿಂದ ಕಿಡಿ ಎಷ್ಟು ಡಿಗ್ರಿ ಹಿಂದೆ ಹೋಯ್ತು, ಈ ಐದು. ಇದು ನಿಮ್ಮ ಓಪನಿಂಗ್ ಬ್ಯಾಲೆನ್ಸ್. ಸ್ಟಾಕ್ ಬೂಸ್ಟ್‌ನಲ್ಲೇ ನಾಕಿಂಗ್ ಇದ್ರೆ, ಅಥವಾ ಇಂಜೆಕ್ಟರ್ ಆಗಲೇ 80ರಲ್ಲಿದ್ರೆ, ಕೈಯಲ್ಲಿ ಖರ್ಚು ಮಾಡೋಕೆ ಏನೂ ಇಲ್ಲ ಅಂತ ಅರ್ಥ. ಓಪನಿಂಗ್ ಬ್ಯಾಲೆನ್ಸ್ ನೋಡದೆ ಬುಕ್ ಬರೆಯೋಕಾಗಲ್ಲ, ನಮ್ಮ ಅಕೌಂಟ್ಸ್ ಮೇಷ್ಟ್ರು ಬೋರ್ಡ್ ಒರೆಸೋ ಡಸ್ಟರ್ ಎಸೀತಿದ್ರು ಇದಕ್ಕೆ.

ಅದಾದ್ಮೇಲೆ ತಂಪು. ಇಂಟರ್‌ಕೂಲರ್ ದೊಡ್ಡದು ಮಾಡೋದು, ನೀರಿನ ಇಂಟರ್‌ಕೂಲರ್ ಆಗಿದ್ರೆ ಅದರ ಪಂಪು, ಮುಂದಿನ ರೇಡಿಯೇಟರ್ ನೋಡೋದು. ಎಷ್ಟೋ ಹಳೇ ಗಾಡಿಗಳಲ್ಲಿ ಆ ಪಂಪೇ ಸತ್ತಿರುತ್ತೆ, ಓನರ್‌ಗೆ ಗೊತ್ತೇ ಇರಲ್ಲ. ಬರೀ ತಂಪು ಸರಿ ಮಾಡಿದ್ರೇ ಬೂಸ್ಟ್ ಏರಿಸದೆ ಕಳೆದುಹೋದ ಶಕ್ತಿ ವಾಪಸ್ ಬರುತ್ತೆ. ನಿಜ ಹೇಳ್ಬೇಕಂದ್ರೆ ದಿನಾ ಔಟರ್ ರಿಂಗ್ ರೋಡಲ್ಲಿ ಓಡಾಡೋರಿಗೆ ಇಲ್ಲಿಗೇ ನಿಲ್ಸಿ ಅಂತೀನಿ ನಾನು. ಆಮೇಲೆ ಪೆಟ್ರೋಲ್ ಸಪ್ಲೈ, ಒಂದು ದರ್ಜೆ ತಂಪಿನ ಪ್ಲಗ್, ಪ್ಲಗ್ ಸಂದು ಸ್ವಲ್ಪ ಕಡಿಮೆ, ಯಾಕಂದ್ರೆ ಒತ್ತಡ ಹೆಚ್ಚಾದ್ರೆ ಕಿಡಿ ದೊಡ್ಡ ಸಂದು ಹಾರಲ್ಲ.

ಈಗ ಪುಲ್ಲಿ. ಒಂದೇ ಹೆಜ್ಜೆ, ಒಂದೂವರೆ ಎರಡು ಪಿಎಸ್‌ಐ ಮೀರದ ಹಾಗೆ. ಅದೇ ದಿನ, ಅದೇ ಡೈನೋ ಮೇಲೆ ಹೊಸ ಮ್ಯಾಪ್. ಪುಲ್ಲಿ ಇವತ್ತು, ಮ್ಯಾಪ್ ಮುಂದಿನ ತಿಂಗಳು ಸಂಬಳ ಬಂದ್ಮೇಲೆ, ಹೀಗೆ ಮಾಡ್ಬೇಡಿ. ಟ್ಯೂನರ್ ಕಡಿಮೆ ಕಿಡಿ, ಜಾಸ್ತಿ ಪೆಟ್ರೋಲ್‌ನಿಂದ ಶುರು ಮಾಡಿ ಮೆಲ್ಲಗೆ ಏರಿಸ್ಬೇಕು. ಡೈನೋ ಮೇಲೆ ಮೂರು ನಾಲ್ಕು ಸಲ ಬೆನ್ನುಬೆನ್ನಿಗೆ ಎಳೆಸಿ, ಗಾಡಿ ಕಾದ ಮೇಲೂ ನಾಕಿಂಗ್ ಇಲ್ಲ ಅಂತ ನೋಡಿ. ಮೊದಲ ತಂಪು ಓಟದ ನಂಬರ್ ಇನ್‌ಸ್ಟಾಗ್ರಾಮ್‌ಗೆ, ನಾಲ್ಕನೇ ಓಟದ ನಂಬರ್ ನಿಮಗೆ.

ಬೆಲ್ಟ್ ಬಗ್ಗೆ ಒಂದು ಮಾತು. ಪುಲ್ಲಿ ಚಿಕ್ಕದಾದ್ರೆ ಬೆಲ್ಟ್ ಸುತ್ತಿಕೊಳ್ಳೋ ಜಾಗವೂ ಕಡಿಮೆ, ಜಾರುತ್ತೆ. ಲಾಗ್‌ನಲ್ಲಿ ಬೂಸ್ಟ್ 5,500ವರೆಗೆ ಏರಿ ಆಮೇಲೆ ಇಳಿದ್ರೆ, ಪುಲ್ಲಿ ಸುತ್ತ ಕಪ್ಪು ಪುಡಿ ಇದ್ರೆ, ಅದೇ. ಜಾರುತ್ತೆ ಅಂತ ಬೆಲ್ಟ್ ಸಿಕ್ಕಾಪಟ್ಟೆ ಬಿಗಿ ಮಾಡಿದ್ರೆ ಬ್ಲೋವರ್ ಬೇರಿಂಗ್ ಹೋಗುತ್ತೆ.

ಗೇರ್‌ಬಾಕ್ಸ್ ಮರೀಬೇಡಿ. ನನ್ನ ಪೋಲೊನೇ ತಗೊಳ್ಳಿ, ಎಂಜಿನ್ ಕೊಡೋದು 175 ನ್ಯೂಟನ್ ಮೀಟರ್, ಅದರ ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ ತಡೆಯೋದು 250. ಮಧ್ಯದ ಜಾಗ ಅಷ್ಟೇ ನನ್ನದು. ನಿಮ್ಮ ಗಾಡಿಯ ಆ ಎರಡು ನಂಬರ್ ಹುಡುಕಿ ಇಟ್ಕೊಳ್ಳಿ. ಬ್ರೇಕು, ಟೈರು ಹಳೇದಾಗಿದ್ರೆ ದುಡ್ಡು ಮೊದಲು ಅಲ್ಲಿಗೆ.

ಟೆಸ್ಟ್ ಎಲ್ಲಿ? ಡೈನೋ, ಇಲ್ಲಾ ಟ್ರ್ಯಾಕ್. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಹತ್ರ ಇರುಂಗಾಟ್ಟುಕೋಟ್ಟೈ, ಎರಡೂ ಬೆಂಗಳೂರಿಂದ ಒಂದು ದಿನದ ದಾರಿ. ರಾತ್ರಿ ಎರಡು ಗಂಟೆಗೆ ರಿಂಗ್ ರೋಡ್ ಖಾಲಿ ಇರುತ್ತೆ ಅಂತೀರಾ? ಮೂರನೇ ಗೇರಲ್ಲಿ ರೆಡ್‌ಲೈನ್‌ವರೆಗೆ ಎಳೆದ್ರೆ ಎಷ್ಟೋ ಗಾಡಿ 130 ದಾಟಿರುತ್ತೆ. ಆ ಹೊತ್ತಲ್ಲಿ ರೋಡಲ್ಲಿರೋದು ಶಿಫ್ಟ್ ಮುಗಿಸಿ ಕ್ಯಾಬ್ ಹತ್ತೋಕೆ ರಸ್ತೆ ದಾಟೋರು, ಡೆಲಿವರಿ ಹುಡುಗ್ರು, ಗುಡಿಸೋಕೆ ಬಂದ ಪೌರಕಾರ್ಮಿಕರು. ನಾವು ಹೊಸಕೋಟೆ ಆಚೆ ಮಾಡಿದ್ದೂ ತಪ್ಪೇ. ಪಿಸ್ಟನ್ ಬದಲು ಇನ್ನೇನೋ ಒಡೆಯಬಹುದಿತ್ತು.

ಕಾನೂನು

ಚಿಕ್ಕದಾಗಿ ಹೇಳ್ತೀನಿ, ಯಾಕಂದ್ರೆ ಇದರಲ್ಲಿ ಖುಷಿ ವಿಷಯ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಹೇಳಿದ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರೋ ಹಾಗೆ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಕೇಸಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ(4) ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. 'ಪುಲ್ಲಿ ಬದಲಾಯಿಸಿದ್ರೆ ಆರ್‌ಸಿಯಲ್ಲಿರೋ ಸಿಸಿ ಬದಲಾಗಲ್ವಲ್ಲ' ಅಂತ ವಾದ ಮಾಡೋರಿದಾರೆ. ಆ ವಾದವನ್ನ ಆಕ್ಸಿಡೆಂಟ್ ಆದ ಮೇಲೆ ಇನ್ಶೂರೆನ್ಸ್ ಸರ್ವೇಯರ್ ಮುಂದೆ ಮಾಡೋ ಪರಿಸ್ಥಿತಿ ಬರಬಾರದು ಅಷ್ಟೇ. ಬದಲಾವಣೆ ಮುಚ್ಚಿಟ್ಟಿದ್ರೆ ಕ್ಲೇಮ್ ತಿರಸ್ಕರಿಸೋಕೆ ಅವರಿಗೊಂದು ಕಾರಣ ನೀವೇ ಕೊಟ್ಟ ಹಾಗೆ. ಟ್ರ್ಯಾಕ್‌ಗೆ ಮಾತ್ರ ಇಟ್ಟಿರೋ ಗಾಡಿಯ ಮಾತು ಬೇರೆ.

ಶನಿವಾರದ ಉತ್ತರ

ವಾಯ್ಸ್ ನೋಟ್ ಕಳಿಸಿದವರೇ, ನಿಮ್ಮ ಪುಲ್ಲಿ ಡಬ್ಬಿಯಲ್ಲೇ ಇರ್ಲಿ. ಶನಿವಾರದ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡ್ಬೇಡಿ, ಬದಲಾಯಿಸಿ. ಕಂಪ್ರೆಷನ್ ಟೆಸ್ಟ್ ಮಾಡಿಸಿ, 7 ಪಿಎಸ್‌ಐನಲ್ಲೇ ಒಂದು ಲಾಗ್ ತೆಗೆಸಿ. ಆ ಐದು ನಂಬರ್ ನನಗೆ ಕಳಿಸಿ. ನಾನು ಟ್ಯೂನರ್ ಅಲ್ಲ, ಓದಿ ಹೇಳಬಲ್ಲವರ ಹತ್ರ ತೋರಿಸ್ತೀನಿ. ನೀವು ಒಪ್ಪಿದ್ರೆ ಹೆಸರು ಹಾಕದೆ ಮುಂದಿನ ಎಪಿಸೋಡಲ್ಲಿ ಓದ್ತೀನಿ.

ಗೆಳೆಯನ ಗಾಡಿ ಹೋದ ತಿಂಗಳು ಗ್ಯಾರೇಜಿಂದ ಬಂತು. ಹಳೇ ಪುಲ್ಲಿ ವಾಪಸ್ ಹಾಕ್ಸಿದಾನೆ. ಎಂಜಿನ್ ಬಿಚ್ಚಿದಾಗ ಗೊತ್ತಾಯ್ತು, ಅವನ ಇಂಟರ್‌ಕೂಲರ್‌ಗೆ ಗಾಳಿ ಹೋಗೋ ದಾರಿಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಸಿಕ್ಕಿಕೊಂಡು ಕರಗಿ ಅಂಟಿತ್ತು, ಎಷ್ಟು ದಿನದಿಂದಲೋ. ಅದನ್ನ ತೆಗೆಯೋಕೆ ಗ್ಯಾರೇಜ್ ಹುಡುಗನಿಗೆ ಹತ್ತು ನಿಮಿಷ ಸಾಕಾಯ್ತು. ಈಗ ಗಾಡಿ ಮೊದಲಿಗಿಂತ ಚೆನ್ನಾಗಿ ಎಳೆಯುತ್ತೆ ಅಂತಾನೆ. ಆ ಆಡಿಯೊ ಕ್ಲಿಪ್ ಹಾಕೋಕೆ ಅವನನ್ನ ಕೇಳ್ದೆ. ಹಾಕು, ಆದ್ರೆ ನೀನು ಕೂಗಿದ್ದನ್ನ ಕಟ್ ಮಾಡ್ಬೇಡ ಅಂದ.